ನಿಂಜಾ ಮೊದಲು ಆ ಕಪ್ಪು ಬಟ್ಟೆ ಬಿಚ್ಚಲಿ

ನರುಟೋ ಹಾಕೋ ಬಟ್ಟೆಯ ಬಣ್ಣ ಕಿತ್ತಳೆ. ಹೈವೇ ಕೆಲಸದವರು ದೂರದಿಂದಲೇ ಕಾಣಲಿ ಅಂತ ಹಾಕ್ಕೊಳ್ತಾರಲ್ಲ, ಆ ಥರದ ಕಿತ್ತಳೆ. ಅಡಗಿಕೊಳ್ಳೋದೇ ಕಸುಬಾಗಿರೋ ಹುಡುಗನಿಗೆ ಈ ಬಟ್ಟೆ ಕೊಟ್ಟಿದ್ದಾರೆ, ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನೂ ಇವತ್ತಿನವರೆಗೆ ಅದನ್ನ ಪ್ರಶ್ನೆ ಮಾಡಿಲ್ಲ. ನಾನೂ ಮಾಡಿರಲಿಲ್ಲ. ಏಳನೇ ಕ್ಲಾಸಿಂದ ನೋಡಿದ್ದೀನಿ, ಈಗಲೂ ಇಂಟರ್ನಲ್ಸ್ ಹಿಂದಿನ ರಾತ್ರಿ ನೋಡ್ತೀನಿ. ಹಾಗಾಗಿ ಇದು ಅನಿಮೆ ಬೈಯೋ ಲೇಖನ ಅಲ್ಲ.

ನನ್ನ ತಕರಾರು ಬೇರೆ. ನಿಂಜಾ ಅಂದ ತಕ್ಷಣ ನಮ್ಮ ತಲೆಗೆ ಬರೋದು ಗೋಡೆ ಹಾರೋದು, ಹೊಗೆ ಬಿಟ್ಟು ಮಾಯ ಆಗೋದು, ನಕ್ಷತ್ರದ ಥರ ಇರೋ ಚಾಕು ಎಸೆಯೋದು. ಅಂದ್ರೆ ಎಲ್ಲಾ ಮೈಯ ಸಾಹಸ. ಜಪಾನಿನ ಆ ಹಳೇ ವಿದ್ಯೆಯ ಪುಸ್ತಕಗಳ ಅನುವಾದ ಕೈಗೆ ಸಿಕ್ಕಿ ಓದಿದಾಗ ಗೊತ್ತಾಗಿದ್ದು, ಅಲ್ಲಿ ಮೈಗಿಂತ ಜಾಸ್ತಿ ಮಾತಿರೋದು ಎದುರಿಗಿರೋನ ತಲೆಯ ಬಗ್ಗೆ. ಅವನು ಏನು ನೋಡ್ತಾನೆ, ಏನನ್ನ ನೋಡಿದ್ರೂ ಲೆಕ್ಕಕ್ಕೆ ತಗೊಳ್ಳಲ್ಲ, ಯಾವಾಗ ಸುಸ್ತಾಗಿರ್ತಾನೆ. ನಾವು ಆ ವಿದ್ಯೆಯ ಸಿಪ್ಪೆ ಇಟ್ಕೊಂಡು ಹಣ್ಣು ಬಿಸಾಕಿದ್ದೀವಿ ಅನ್ನೋದು ನನ್ನ ವಾದ.

ಕಪ್ಪು ಬಟ್ಟೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ನಾನು ಹಾಕಿದ್ದೀನಿ. ಹೋದ ಸೆಮಿಸ್ಟರ್ ನಮ್ಮ ಸಂಘದ ನಾಟಕದಲ್ಲಿ ನನ್ನ ಕೆಲಸ ದೃಶ್ಯದ ನಡುವೆ ಬಂದು ಮೇಜು, ಕುರ್ಚಿ, ಒಂದು ರಟ್ಟಿನ ಬಾವಿ ಎತ್ತಿಡೋದು. ಕಪ್ಪು ಟೀ ಶರ್ಟ್, ಕಪ್ಪು ಪ್ಯಾಂಟ್. (ಡೈಲಾಗ್ ಯಾಕೆ ಸಿಗಲಿಲ್ಲ ಅನ್ನೋದು ಕೊನೆಗೆ ಹೇಳ್ತೀನಿ.) ಎರಡನೇ ದೃಶ್ಯದಲ್ಲಿ ಲೈಟ್ ಸ್ವಲ್ಪ ಬೇಗ ಬಂತು. ನಾನು ಬಾವಿ ತಬ್ಬಿಕೊಂಡು ನಟ್ಟನಡುವೆ ನಿಂತಿದ್ದೆ. ನಾಟಕ ಮುಗಿದ ಮೇಲೆ ನನ್ನ ರೂಮ್‌ಮೇಟನ್ನ ಕೇಳಿದೆ, "ನನ್ನ ನೋಡಿದ್ಯಾ?" ಅವನು, "ನೀನೂ ಇದ್ಯಾ ನಾಟಕದಲ್ಲಿ?" ಅಂದ. ಮೂರನೇ ಸಾಲಲ್ಲಿ ಕೂತಿದ್ದ ಮಹಾನುಭಾವ.

ಜಪಾನಿನ ಕಬುಕಿ ರಂಗಭೂಮಿಯಲ್ಲಿ ನನ್ನಂಥವರಿಗೆ ಒಂದು ಹೆಸರೇ ಇದೆ: ಕುರೋಕೋ. ಮುಖದ ಮೇಲೂ ಕಪ್ಪು ಪರದೆ ಹಾಕ್ಕೊಂಡು, ಕಥೆ ನಡೀತಿರೋವಾಗಲೇ ಬಂದು ನಟನ ಕೈಗೆ ಕತ್ತಿ ಕೊಡ್ತಾರೆ, ಬೇಡವಾದ ಸಾಮಾನು ತಗೊಂಡು ಹೋಗ್ತಾರೆ. ಪ್ರೇಕ್ಷಕರಿಗೂ ಅವರಿಗೂ ಒಂದು ಒಪ್ಪಂದ ಇದ್ದ ಹಾಗೆ: ಕಪ್ಪು ಅಂದ್ರೆ ಇಲ್ಲಿ ಯಾರೂ ಇಲ್ಲ. ಹಿಮದ ದೃಶ್ಯ ಇದ್ರೆ ಅವರೇ ಬಿಳಿ ಬಟ್ಟೆಯಲ್ಲಿ ಬರ್ತಾರೆ, ಸಮುದ್ರ ಇದ್ರೆ ನೀಲಿ. ವೇದಿಕೆ ಮೇಲಿನ ನಿಂಜಾಗೆ ಕಪ್ಪು ಬಟ್ಟೆ ಬಂದಿದ್ದು ಇಲ್ಲಿಂದಲೇ ಅನ್ನೋ ಒಂದು ವಾದ ಇದೆ. "ಇಲ್ಲ" ಅಂತ ನೀವು ಒಪ್ಪಿಕೊಂಡಿದ್ದವನೇ ದಿಢೀರನೆ ಕತ್ತಿ ಹಿರಿದ್ರೆ ಹೇಗಿರುತ್ತೆ? ಬೆಚ್ಚಿಬೀಳ್ತೀರಿ. ಹೊಕುಸಾಯ್ ಅನ್ನೋ ದೊಡ್ಡ ಚಿತ್ರಕಾರ, ಆ ಪ್ರಸಿದ್ಧ ಅಲೆಯ ಚಿತ್ರ ಬರೆದವನು, 1817ರ ಒಂದು ಸಂಪುಟದಲ್ಲಿ ಕಪ್ಪು ಬಟ್ಟೆಯಲ್ಲಿ ಹಗ್ಗ ಹತ್ತೋ ಮನುಷ್ಯನನ್ನ ಬರೆದಿದ್ದಾನೆ. ಆ ಹೊತ್ತಿಗೆ ಜಪಾನಿನಲ್ಲಿ ದೊಡ್ಡ ಯುದ್ಧಗಳು ನಿಂತು ಹತ್ತಿರ ಹತ್ತಿರ ಇನ್ನೂರು ವರ್ಷ ಆಗಿತ್ತು. ನಮಗೆ ಸಿಕ್ಕಿರೋ ನಿಂಜಾ ಕತೆ ಆದ ಮೇಲಿನ ನಿಂಜಾ.

ನಿಜವಾಗಿ ಕೆಲಸ ಮಾಡ್ತಿದ್ದವರನ್ನ ಆಗ ಶಿನೋಬಿ ಅಂತಿದ್ರು. ನಿಂಜಾ ಅನ್ನೋದು ಅದೇ ಬರಹವನ್ನ ಬೇರೆ ಥರ ಓದಿದಾಗ ಬರೋ ಉಚ್ಚಾರಣೆ, ಜನಪ್ರಿಯ ಆಗಿದ್ದು 20ನೇ ಶತಮಾನದಲ್ಲಿ. ಶಿನೋಬು ಅನ್ನೋ ಕ್ರಿಯಾಪದಕ್ಕೆ ಅಡಗು ಅನ್ನೋ ಅರ್ಥವೂ ಇದೆ, ಸಹಿಸು ಅನ್ನೋ ಅರ್ಥವೂ ಇದೆ. ಅದನ್ನ ಬರೆಯೋ ಅಕ್ಷರದಲ್ಲಿ ಮೇಲೆ ಕತ್ತಿಯ ಅಲಗು, ಕೆಳಗೆ ಹೃದಯ. ಇವರಲ್ಲಿ ಹೆಸರು ಮಾಡಿದವರು ಇಗಾ ಮತ್ತು ಕೋಕಾ ಅನ್ನೋ ಅಕ್ಕಪಕ್ಕದ ಎರಡು ಗುಡ್ಡಗಾಡು ಪ್ರದೇಶದವರು, ಈಗಿನ ಮಿಯೆ ಮತ್ತು ಶಿಗಾ ಪ್ರಾಂತ್ಯಗಳಲ್ಲಿ. 1581ರಲ್ಲಿ ಓದಾ ನೊಬುನಾಗಾ ದೊಡ್ಡ ಸೈನ್ಯ ನುಗ್ಗಿಸಿ ಇಗಾವನ್ನ ಹಾಳುಗೆಡವಿದ. ಮರುವರ್ಷ ನೊಬುನಾಗಾ ಸತ್ತಾಗ ತೊಕುಗಾವಾ ಇಯೆಯಾಸು ಇದೇ ಇಗಾದ ಬೆಟ್ಟ ದಾಟಿ ಜೀವ ಉಳಿಸಿಕೊಂಡ. ಆ ದಾರಿ ಸುಗಮ ಮಾಡಿಕೊಟ್ಟವನು ಅಂತ ಹೇಳೋ ಹತ್ತೋರಿ ಹಾನ್ಜೋ ಹೆಸರು ಇವತ್ತಿಗೂ ಟೋಕಿಯೋ ಅರಮನೆಯ ಒಂದು ಬಾಗಿಲಿಗೆ ಇದೆ, ಅಲ್ಲಿ ಓಡೋ ಒಂದು ಮೆಟ್ರೋ ಲೈನಿಗೂ ಇದೆ. ಗುಟ್ಟಾಗಿರಬೇಕಾದವರ ಹೆಸರು ಮೆಟ್ರೋ ಮ್ಯಾಪಲ್ಲಿ!

ಪುಸ್ತಕಗಳು ಬಂದಿದ್ದು ಯುದ್ಧ ಎಲ್ಲಾ ಮುಗಿದ ಮೇಲೆ. 1676ರಲ್ಲಿ ಬಾನ್‌ಸೆನ್‌ಶೂಕಾಯ್, ಅಂದ್ರೆ ಹತ್ತು ಸಾವಿರ ನದಿ ಸಮುದ್ರ ಸೇರೋದು, 22 ಸಂಪುಟ. 1681ರಲ್ಲಿ ಶೋನಿಂಕಿ, ಚಿಕ್ಕದು. ಕೆಲಸ ಇಲ್ಲದ ಕಾಲದಲ್ಲಿ ವಿದ್ಯೆ ಮರೆತುಹೋಗುತ್ತೆ ಅನ್ನೋ ಭಯ ಇದ್ದಿರಬೇಕು. 1789ರಲ್ಲಿ ಕೋಕಾದ ಕೆಲವು ಮನೆತನದವರು ಈ ಬಾನ್‌ಸೆನ್‌ಶೂಕಾಯ್‌ನ ಪ್ರತಿಯನ್ನ ಸರ್ಕಾರಕ್ಕೆ ಒಪ್ಪಿಸಿ, ನಮಗೆ ಕೆಲಸ ಕೊಡಿ ಅಂತ ಅರ್ಜಿ ಹಾಕಿದ್ರು. ಅಂದ್ರೆ ನಾವು ಓದೋ ಆ ಮಹಾಗ್ರಂಥ ಒಂದು ಕಾಲದಲ್ಲಿ ರೆಸ್ಯೂಮೆಗೆ ಲಗತ್ತಿಸಿದ ಪ್ರಾಜೆಕ್ಟ್ ರಿಪೋರ್ಟ್. ಪ್ಲೇಸ್‌ಮೆಂಟ್ ಸೀಸನ್ ನೆನೆಸಿಕೊಂಡ್ರೆ ಅವರ ಮೇಲೆ ಪ್ರೀತಿ ಉಕ್ಕುತ್ತೆ.

ಬಾನ್‌ಸೆನ್‌ಶೂಕಾಯ್ ಈ ವಿದ್ಯೆಯನ್ನ ಎರಡು ಭಾಗ ಮಾಡುತ್ತೆ. ಯೋನಿನ್ ಅಂದ್ರೆ ಬೆಳಕಿನ ಕಡೆಯದು: ಮುಖ ತೋರಿಸಿಕೊಂಡೇ, ಬೇರೆ ಯಾರೋ ಆಗಿ ಶತ್ರುವಿನ ನಡುವೆ ಓಡಾಡೋದು. ಇನ್‌ನಿನ್ ಅಂದ್ರೆ ಕತ್ತಲ ಕಡೆಯದು: ಕಾಣದ ಹಾಗೆ ಒಳಗೆ ಹೋಗೋದು. ಸಿನಿಮಾ ಎತ್ತಿಕೊಂಡಿದ್ದು ಎರಡನೆಯದನ್ನ ಮಾತ್ರ.

ಮೊದಲನೆಯದಕ್ಕೆ ಏಳು ವೇಷಗಳ ಒಂದು ಪಟ್ಟಿ ಇದೆ. ಬೆತ್ತದ ಬುಟ್ಟಿಯಂಥ ಟೋಪಿಯಲ್ಲಿ ಪೂರ್ತಿ ಮುಖ ಮುಚ್ಚಿಕೊಂಡು ಕೊಳಲೂದೋ ಕೊಮುಸೋ ಸನ್ಯಾಸಿ, ಬೌದ್ಧ ಭಿಕ್ಷು, ಬೆಟ್ಟದ ತಪಸ್ವಿ ಯಾಮಾಬುಶಿ, ವ್ಯಾಪಾರಿ, ಬೀದಿಯಲ್ಲಿ ಕಣ್ಕಟ್ಟು ಮಾಡೋನು, ಊರೂರು ತಿರುಗೋ ನಟ. ಈ ಆರಕ್ಕೂ ಒಂದು ಸಮಾನ ಗುಣ ಇದೆ. ಪರಊರಿನವರಾಗಿದ್ರೂ ಇವರನ್ನ "ಇಲ್ಲಿಗ್ಯಾಕೆ ಬಂದೆ?" ಅಂತ ಯಾರೂ ಕೇಳಲ್ಲ. ತಿರುಗೋದೇ ಅವರ ಕೆಲಸ ಅಲ್ವಾ. ಏಳನೆಯದು ನನಗೆ ಬಹಳ ಇಷ್ಟ ಆಗಿದ್ದು, ಅದರ ಹೆಸರು ತ್ಸುನೆ ನೋ ಕತಾ. ಅಂದ್ರೆ ಮಾಮೂಲಿ ಮನುಷ್ಯನ ರೂಪ. ಆ ಊರಿನ ಒಬ್ಬ ಸಾಧಾರಣ ಮನುಷ್ಯ ಹೇಗಿರ್ತಾನೋ ಹಾಗಿರೋದು, ಅಷ್ಟೇ. ಬಟ್ಟೆ ಬಣ್ಣದ ಬಗ್ಗೆ ಶೋನಿಂಕಿ ಹೇಳೋದೂ ಇದೇ ಥರ: ಕಂದು, ಕಪ್ಪು, ಕಡುನೀಲಿ ಹೀಗೆ ಜನ ಸಾಮಾನ್ಯವಾಗಿ ಹಾಕೋ ಬಣ್ಣ ಹಾಕು, ನಾಲ್ಕು ಜನರ ನಡುವೆ ಸೇರಿಹೋಗ್ತೀಯ. ಹಾಸ್ಟೆಲ್ ಗೇಟ್ ಮುಚ್ಚಿದ ಮೇಲೆ ಬರೋರಲ್ಲಿ ಸಿಕ್ಕಿಬೀಳೋದು ಯಾರು ಅಂತ ಯೋಚನೆ ಮಾಡಿ. ಬಗ್ಗಿಕೊಂಡು ಬರೋನೇ. ವಾಚ್‌ಮನ್ ಅಣ್ಣನಿಗೆ "ಊಟ ಆಯ್ತಾ?" ಅಂತ ಕೇಳಿಕೊಂಡು ನೆಟ್ಟಗೆ ನಡೆದು ಬರೋನು ಸಿಕ್ಕಿಬೀಳಲ್ಲ. (ಇದು ಸಲಹೆ ಅಲ್ಲ.)

ಇನ್ನು ಕತ್ತಲ ಕಡೆಗೆ ಬಂದ್ರೆ ಅಲ್ಲೂ ನಾನು ಅಂದುಕೊಂಡಿದ್ದು ಸಿಗಲಿಲ್ಲ. ಗೋಡೆ ಹತ್ತೋ ಸಲಕರಣೆ, ಬೆಂಕಿ ಪುಡಿಗಳ ಅಳತೆ ಎಲ್ಲಾ ಇದೆ, ಬೇಜಾನ್ ಇದೆ. ಆದ್ರೆ ನಾನು ಮೂರು ಸಲ ಓದಿದ್ದು, ಒಂದು ಮನೆಗೆ ಯಾವ ರಾತ್ರಿ ನುಗ್ಗಬೇಕು ಅನ್ನೋ ಪಟ್ಟಿ. ಎಂಟು ರಾತ್ರಿ ಹೇಳ್ತಾರೆ. ಮದುವೆ ಆದ ಮರುರಾತ್ರಿ. ಮನೆಯಲ್ಲಿ ಕಾಯಿಲೆ ಬಿದ್ದವರು ಹುಷಾರಾದ ರಾತ್ರಿ. ಕುಡಿತ, ಕುಣಿತ ಇದ್ದ ರಾತ್ರಿ. ಪಕ್ಕದ ಮನೆಗೆ ಬೆಂಕಿ ಬಿದ್ದೋ ಏನೋ ಗಲಾಟೆ ಆಗಿಯೋ ಅದು ಮುಗಿದ ಮರುರಾತ್ರಿ. ಕಟ್ಟೋ ಕೆಲಸ ಮಾಡಿ ದಣಿದ ರಾತ್ರಿ. ಸಾವಾದ ಮನೆಯಲ್ಲಿ ದುಃಖ ಕಳೆದ ಮೇಲಿನ ರಾತ್ರಿ. ಮಳೆ ಗಾಳಿ ಇರೋ ರಾತ್ರಿ. ಜಗಳ ಗದ್ದಲದ ರಾತ್ರಿ.

ಈ ಪಟ್ಟಿ ಬರೆದವನು ಮನೆಗಳನ್ನ ಎಷ್ಟು ಹತ್ತಿರದಿಂದ ನೋಡಿರಬೇಕು! ಕಾಯಿಲೆ ಇದ್ದಾಗ ಅಲ್ಲ, ಹುಷಾರಾದ ರಾತ್ರಿ. ಯಾಕಂದ್ರೆ ಅಷ್ಟು ದಿನ ಯಾರಾದ್ರೊಬ್ಬರು ಎದ್ದೇ ಇರ್ತಿದ್ರು, ಜ್ವರ ಇಳೀತು ಅಂತ ಗೊತ್ತಾದ ದಿನ ಮನೆ ಮಂದಿಯೆಲ್ಲಾ ಒಟ್ಟಿಗೆ ನಿದ್ದೆಗೆ ಬೀಳ್ತಾರೆ. ನನ್ನ ಅಜ್ಜಿಗೆ ಆಪರೇಷನ್ ಆಗಿ ಮನೆಗೆ ಬಂದ ರಾತ್ರಿ ನಮ್ಮನೇಲಿ ಮುಂಬಾಗಿಲ ಚಿಲಕ ಹಾಕೋದನ್ನೇ ಎಲ್ಲರೂ ಮರೆತಿದ್ರು, ಬೆಳಗ್ಗೆ ಹಾಲಿನವನು ಎಬ್ಬಿಸಿದ. ಮದುವೆ ಮನೆ ಬಗ್ಗೆ ನಾನು ಹೇಳಬೇಕಾಗಿಲ್ಲ. ನಮ್ಮ ಅಲ್ಗಾರಿದಮ್ ಪಠ್ಯದಲ್ಲಿ ವರ್ಸ್ಟ್ ಕೇಸ್ ಅಂತ ಓದ್ತೀವಲ್ಲ, ಇದು ಮನೆಯೊಂದರ ಎಚ್ಚರದ ವರ್ಸ್ಟ್ ಕೇಸ್ ಪಟ್ಟಿ. ಕ್ರೌರ್ಯವೂ ಇದೆ ಇದರಲ್ಲಿ, ಇಲ್ಲ ಅನ್ನಲ್ಲ. ಸಾವಿನ ಮನೆಯನ್ನೂ ಲೆಕ್ಕ ಹಾಕಿ ಬಿಟ್ಟಿಲ್ಲ ಅವರು. ಓದ್ತಾ ಮೆಚ್ಚುಗೆ ಆಗುತ್ತೆ, ಆಮೇಲೆ ಮೆಚ್ಚಿದ್ದಕ್ಕೆ ಒಂಥರಾ ಆಗುತ್ತೆ.

ಅಡಗೋ ಪಾಠಗಳೂ ಹೀಗೇ. ಲಾವಕ್ಕಿ ಅಡಗು ಅಂತ ಒಂದಿದೆ, ಉಜುರಾ-ಗಾಕುರೆ. ಲಾವಕ್ಕಿ ಅಂದ್ರೆ ಮೊಟ್ಟೆ ಮಾರ್ತಾರಲ್ಲ, ಆ ಕ್ವೇಲ್. ನೆಲದ ಮೇಲೆ ಮುದುರಿಕೊಂಡು, ಮುಖ ಕೆಳಗೆ ಮಾಡಿ, ಕಲ್ಲಿನ ಹಾಗೆ ಬಿದ್ದಿರೋದು. ಮುಖ ಯಾಕೆ ಕೆಳಗೆ? ಹುಡುಕೋನನ್ನ ನೋಡ್ತಾ ಇದ್ರೆ ನಿನಗೇ ಭಯ ಆಗಿ ಉಸಿರು ಬದಲಾಗುತ್ತೆ, ಮೈ ಅಲ್ಲಾಡುತ್ತೆ. ನೋಡದೇ ಇರೋ ಧೈರ್ಯ ಬೇಕು. ಕ್ಲಾಸಲ್ಲಿ ಪ್ರಶ್ನೆ ಕೇಳೋವಾಗ ಮೇಷ್ಟ್ರ ಕಣ್ಣನ್ನೇ ನೋಡಿ ಸಿಕ್ಕಿಹಾಕಿಕೊಂಡವರಿಗೆ ಇದು ಬೇಗ ಅರ್ಥ ಆಗುತ್ತೆ. ಇನ್ನೊಂದು ಕನ್ನೋನ್-ಗಾಕುರೆ: ಗೋಡೆಗೋ ಮರಕ್ಕೋ ಅಂಟಿಕೊಂಡು, ತೋಳಿಂದ ಮುಖ ಮರೆಮಾಡಿ, ವಿಗ್ರಹದ ಹಾಗೆ ನಿಂತುಬಿಡೋದು. ಎರಡರಲ್ಲೂ ಓಟ ಇಲ್ಲ, ಜಿಗಿತ ಇಲ್ಲ. ರೀಲ್ ಮಾಡಿದ್ರೆ ಹತ್ತು ಲೈಕ್ ಬರಲ್ಲ.

ಶಿನೋಬಿಗಳನ್ನ ಬಿಟ್ಟು ಕತ್ತಿಯವರ ಕಡೆ ಹೋದ್ರೂ ಇದೇ ಕತೆ. ವಾಕಿಗಾಮಾಯೆ ಅನ್ನೋ ನಿಲುವಲ್ಲಿ ಕತ್ತಿಯನ್ನ ಸೊಂಟದ ಬದಿಯಿಂದ ಹಿಂದಕ್ಕೆ ಚಾಚಿ ಹಿಡೀತಾರೆ. ಎದುರಿಗಿರೋನಿಗೆ ಹಿಡಿಕೆ ಕಾಣುತ್ತೆ, ಅಲಗು ಕಾಣಲ್ಲ. ಉದ್ದ ಗೊತ್ತಿಲ್ಲದೆ ಅವನು ಎಷ್ಟು ದೂರ ನಿಲ್ಲಬೇಕು ಅಂತ ಹೇಗೆ ಲೆಕ್ಕ ಹಾಕ್ತಾನೆ? ಒಂದು ವೇರಿಯಬಲ್ ಕಿತ್ತುಕೊಂಡ್ರೆ ಇಡೀ ಲೆಕ್ಕ ಕುಸಿಯುತ್ತೆ. ಮಿಯಾಮೊತೊ ಮುಸಾಶಿ 1645ರ ಸುಮಾರಿಗೆ ಬರೆದು ಮುಗಿಸಿದ ಪುಸ್ತಕದಲ್ಲಿ ಒಂದು ಉಪಾಯ ಇದೆ: ಎದುರಾಳಿಯ ಮನಸ್ಸು ತಿಳೀತಿಲ್ಲ ಅಂದ್ರೆ ಜೋರಾಗಿ ದಾಳಿ ಮಾಡೋ ಹಾಗೆ ನಟಿಸು, ಅವನು ಏನು ಮಾಡಬೇಕು ಅಂತಿದ್ದನೋ ಅದನ್ನ ತಾನೇ ತೋರಿಸ್ತಾನೆ. ಇನ್ನೊಂದು ಇನ್ನೂ ಚೆನ್ನಾಗಿದೆ. ಆಕಳಿಕೆ ಒಬ್ಬರಿಂದ ಒಬ್ಬರಿಗೆ ಹರಡುತ್ತಲ್ಲ, ಹಾಗೇ ಆತುರ ಇಲ್ಲದಿರೋದೂ ಹರಡುತ್ತೆ; ನೀನು ಆರಾಮಾಗಿರೋ ಹಾಗೆ ಕಾಣು, ಅವನು ಸಡಿಲ ಆದ ಕ್ಷಣ ಹೊಡಿ. ಕತ್ತಿವರಸೆಯ ಪುಸ್ತಕದಲ್ಲಿ ಆಕಳಿಕೆಯ ಪಾಠ! ಕತೋರಿ ಶಿಂತೋ-ರ್ಯೂ ಅನ್ನೋ 15ನೇ ಶತಮಾನದ ಪಂಥದಲ್ಲಂತೂ ಅಭ್ಯಾಸದ ವರಸೆಗಳೇ ಒಂದು ಕಣ್ಕಟ್ಟು. ಹೊರಗಿಂದ ನೋಡೋರಿಗೆ ಬರೀ ತಡೆಯೋ ಹಾಗೆ ಕಾಣೋ ಏಟು, ನಿಜವಾಗಿ ಹತ್ತಿರ ನಿಂತು ಮಾಡಿದ್ರೆ ಕೊಯ್ಯೋ ಏಟು. ಕದ್ದು ನೋಡಿ ಕಲಿಯೋನಿಗೆ ತಪ್ಪು ಸಿಲಬಸ್.

ಇಷ್ಟೆಲ್ಲಾ ಕೇಳಿ ನನ್ನ ರೂಮ್‌ಮೇಟ್ ಹೇಳಿದ್ದು: "ಹಂಗಾದ್ರೆ ಮಂತ್ರ, ಮುದ್ರೆ ಎಲ್ಲಾ ಸುಳ್ಳಾ?" ಸುಳ್ಳಲ್ಲ. ಒಂಬತ್ತು ಅಕ್ಷರ ಹೇಳ್ತಾ ಬೆರಳಲ್ಲಿ ಮುದ್ರೆ ಹಿಡಿಯೋದು ಇತ್ತು, ಮಾಯ ಆಗೋಕಲ್ಲ, ಮನಸ್ಸು ನಿಲ್ಲಿಸೋಕೆ ಅಂತ ನಾನು ಅರ್ಥ ಮಾಡಿಕೊಂಡಿದ್ದೀನಿ. ಅವರು ಬೇಡಿಕೊಳ್ತಿದ್ದ ದೇವತೆಗಳಲ್ಲಿ ಒಬ್ಬಳು ಮಾರಿಶಿತೆನ್. ಹೆಸರು ಎಲ್ಲೋ ಕೇಳಿದ ಹಾಗಿದ್ಯಾ? ಅದು ಸಂಸ್ಕೃತದ ಮರೀಚಿ. ಬೌದ್ಧ ಧರ್ಮದ ಜೊತೆ ಇಲ್ಲಿಂದ ಚೀನಾ ದಾಟಿ ಅಲ್ಲಿಗೆ ಹೋದವಳು. ಸೂರ್ಯನ ಮುಂದೆ ಮುಂದೆ ಸಾಗ್ತಾಳೆ, ಅವಳನ್ನ ಯಾರೂ ನೋಡೋಕಾಗಲ್ಲ, ಹಿಡಿಯೋಕಾಗಲ್ಲ. ನಾವು ಮರೀಚಿಕೆ ಅಂತೀವಲ್ಲ, ಬಿಸಿಲ್ಗುದುರೆ, ಅದೂ ಇದೇ ಬೇರಿನ ಪದ. ನಂಗೆ ಇದು ಹೊಳೆದಾಗ ರಾತ್ರಿ ಒಂದೂವರೆಗೆ ಎದ್ದು ಕೂತೆ. ಅಡಗೋರ ದೇವತೆ ಕತ್ತಲೆಯವಳಲ್ಲ, ಬೆಳಕಿನವಳು. ಬಿಸಿಲ್ಗುದುರೆ ಕಾಣದೇ ಇರೋ ವಸ್ತು ಅಲ್ಲ, ತಪ್ಪಾಗಿ ಕಾಣೋ ವಸ್ತು. ಯೋನಿನ್ ಅಂದ್ರೆ ಅದೇ ತಾನೇ.

ಇದಕ್ಕೆ ಎದುರು ವಾದ ಇದೆ, ಅದನ್ನ ಮುಚ್ಚಿಡಲ್ಲ. ಒಂದು, ಈ ಪುಸ್ತಕಗಳು ಯುದ್ಧ ನಿಂತ ಮೇಲೆ ಬರೆದಿದ್ದು, ಹಾಗಾಗಿ ಅಲ್ಲಿ ಇರೋದೆಲ್ಲಾ ನಿಜವಾಗಿ ನಡೀತಿತ್ತು ಅಂತ ಹೇಳೋಕಾಗಲ್ಲ. ಒಪ್ಪಿದೆ. ಇನ್ನೊಂದು, ವೇಷ ಹಾಕಿ, ನಂಬಿಸಿ, ಸಡಿಲ ಆದಾಗ ಹೊಡೆಯೋದಕ್ಕೆ ಮೋಸ ಅನ್ನದೇ ವಿದ್ಯೆ ಅಂತ ಯಾಕೆ ಅನ್ನಬೇಕು? ಇದು ನನಗೂ ಕಾಡಿದ ಪ್ರಶ್ನೆ. ಪೊಲೀಸ್ ಯೂನಿಫಾರ್ಮ್ ಹಾಕ್ಕೊಂಡು ವಿಡಿಯೋ ಕಾಲ್ ಮಾಡಿ ವಯಸ್ಸಾದವರನ್ನ ಹೆದರಿಸಿ ದುಡ್ಡು ಹಾಕಿಸಿಕೊಳ್ಳೋನು ಮಾಡ್ತಿರೋದೂ ಯೋನಿನ್ನೇ. ನಾವು ಸೈಬರ್ ಸೆಕ್ಯುರಿಟಿಯಲ್ಲಿ ಸೋಶಿಯಲ್ ಎಂಜಿನಿಯರಿಂಗ್ ಅಂತ ಓದೋದೂ ಇದೇ. ಬಾನ್‌ಸೆನ್‌ಶೂಕಾಯ್ ಬರೆದವರಿಗೂ ಈ ಅನುಮಾನ ಇತ್ತು. ಅದಕ್ಕೇ ಉಪಾಯಗಳಿಗೆ ಹೋಗೋ ಮೊದಲು ನೆಟ್ಟನೆಯ ಮನಸ್ಸಿನ ಬಗ್ಗೆ ಸಂಪುಟಗಟ್ಟಲೆ ಬರೀತಾರೆ, ಸ್ವಂತ ಲಾಭಕ್ಕೆ ಬಳಸಿದ್ರೆ ಇದು ಬರೀ ಕಳ್ಳತನ ಅಂತಾರೆ. ಆ ಸಂಪುಟಗಳು ಬೋರ್ ಹೊಡೆಸುತ್ತೆ, ನಿಜ. ಆದ್ರೆ ಉಪಾಯ ಕಲಿಸೋ ನಮ್ಮ ಯಾವ ಟ್ಯುಟೋರಿಯಲ್ ಹಾಗೆ ಶುರು ಆಗುತ್ತೆ ಹೇಳಿ?

ಒಳ್ಳೇದಕ್ಕೂ ಬಳಸ್ತಾರಪ್ಪ. ಮಿಯೆ ವಿಶ್ವವಿದ್ಯಾಲಯದಲ್ಲಿ ನಿಂಜಾ ಇತಿಹಾಸದ ಕೋರ್ಸೇ ಇದೆ. 2019ರಲ್ಲಿ ಅಲ್ಲಿನ ಒಬ್ಬ ವಿದ್ಯಾರ್ಥಿನಿ ಖಾಲಿ ಹಾಳೆಯ ಪ್ರಬಂಧ ಕೊಟ್ಟಳು. ಸೋಯಾ ಕಾಳು ನೆನೆಹಾಕಿ, ಅರೆದು, ಬಟ್ಟೆಯಲ್ಲಿ ಹಿಂಡಿ ತೆಗೆದ ರಸದಲ್ಲಿ ಬರೆದಿದ್ದಳು. ಕಾಯಿಸಿ ನೋಡಿ ಅನ್ನೋ ಸೂಚನೆ ಮಾತ್ರ ಮಾಮೂಲಿ ಇಂಕಲ್ಲಿ. ಪ್ರೊಫೆಸರ್ ಗ್ಯಾಸ್ ಒಲೆ ಮೇಲೆ ಹಿಡಿದು ಓದಿ, ಪೂರ್ತಿ ಮಾರ್ಕ್ಸ್ ಕೊಟ್ಟರು. ನಮ್ಮಲ್ಲಿ ಯಾರೂ ಟ್ರೈ ಮಾಡಬೇಡಿ, ಲ್ಯಾಬ್ ರೆಕಾರ್ಡ್ ಖಾಲಿ ಇದ್ರೆ ಇಲ್ಲಿ ಯಾರೂ ಒಲೆ ಹಚ್ಚಲ್ಲ.

ಕೊನೆಯದಾಗಿ ಶಿಮಾಬಾರಾ. 1637ರಲ್ಲಿ ಕ್ಯೂಶೂ ದ್ವೀಪದ ರೈತರು, ಬಹಳಷ್ಟು ಜನ ಕ್ರೈಸ್ತರು, ತೆರಿಗೆ ಮತ್ತು ಹಿಂಸೆ ತಾಳಲಾರದೆ ದಂಗೆ ಎದ್ದು ಹಾರಾ ಕೋಟೆ ಸೇರಿಕೊಂಡ್ರು. ಮುತ್ತಿಗೆ ಹಾಕಿದ ಸರ್ಕಾರದ ಸೈನ್ಯದ ಜೊತೆ ಕೋಕಾದ ಶಿನೋಬಿಗಳ ಒಂದು ಚಿಕ್ಕ ತಂಡ ಹೋಗಿತ್ತು. ಕತ್ತಲಲ್ಲಿ ಅವರು ಮಾಡಬೇಕಾದ್ದನ್ನ ಮಾಡಿದ್ರು: ಕಂದಕ ಅಳೆದ್ರು, ಒಳಗೆ ನುಗ್ಗಿ ಒಬ್ಬ ಗುಂಡಿಗೆ ಬಿದ್ದರೂ ಬಾವುಟ ಕಿತ್ತುಕೊಂಡು ಬಂದ್ರು. ಆದ್ರೆ ಕೋಟೆಯವರ ನಡುವೆ ಸೇರಿ ಇದ್ದು ಸುದ್ದಿ ತರೋ ಕೆಲಸ, ಆ ಮಾಮೂಲಿ ಮನುಷ್ಯ ಆಗೋ ಕೆಲಸ, ಅವರಿಂದ ಆಗಲಿಲ್ಲ. ಕ್ಯೂಶೂ ಜನರ ಆಡುಮಾತು ಅವರಿಗೆ ತಿಳೀಲಿಲ್ಲ, ಕ್ರೈಸ್ತರ ಪ್ರಾರ್ಥನೆಯ ಮಾತುಗಳಂತೂ ಮೊದಲೇ ಗೊತ್ತಿಲ್ಲ. ಅವರೂ ಜಪಾನಿನವರೇ, ಇವರೂ ಜಪಾನಿನವರೇ. ಬೇರೆ ಬೇರೆ ಪ್ರಾಂತ್ಯದ ಮಾತು ಕಲೀಬೇಕು ಅಂತ ಆಮೇಲೆ ಬಂದ ಬಾನ್‌ಸೆನ್‌ಶೂಕಾಯ್ ಹೇಳೋದು ಸುಮ್ಮನೆ ಅಲ್ಲ ಅನ್ಸುತ್ತೆ.

ಇದನ್ನ ಓದಿದಾಗ ನಂಗೆ ನಗು ಬಂತು, ಯಾಕಂದ್ರೆ ನಾಟಕದ ಡೈಲಾಗ್ ಕತೆ ಇದೇ. ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಆಡಿಷನ್‌ನಲ್ಲಿ ಹಳ್ಳಿಯ ಹುಡುಗನ ಪಾತ್ರ. ಪಂಚೆ ಉಟ್ಟಿದ್ದೆ, ಹೆಗಲಿಗೆ ಟವಲ್, ತಲೆ ಕೆದರಿಕೊಂಡಿದ್ದೆ, ವೇಷದಲ್ಲಿ ಕೊರತೆ ಏನೂ ಇರಲಿಲ್ಲ. ಬಾಯಿ ಬಿಟ್ಟು "ಬಾಲೆಹಣ್ಣು ತಂದಿದ್ದೀನಿ ಅವ್ವಾ" ಅಂದೆ. ಇಡೀ ಸೆಮಿನಾರ್ ಹಾಲ್ ಬಿದ್ದು ಬಿದ್ದು ನಗ್ತು. ಅಲ್ಲಿಗೆ ಕೋಟೆಯೊಳಗೆ ನಾನು ಸಿಕ್ಕಿಬಿದ್ದೆ.

ಈ ಸೆಮಿಸ್ಟರ್ ನಾಟಕಕ್ಕೆ ಮತ್ತೆ ಹೆಸರು ಕೊಟ್ಟಿದ್ದೀನಿ. ಎದುರು ರೂಮಿನ ಹಾವೇರಿ ಹುಡುಗ ದಿನಾ ಊಟ ಆದ ಮೇಲೆ ಹತ್ತು ನಿಮಿಷ ಳಕಾರ ತಿದ್ದುತಾನೆ. ಬಾಳೆಹಣ್ಣು ಈಗ ಸರಿ ಬರುತ್ತೆ. "ಹಳ್ಳದ ಬಳಿ ಕೊಳಲು" ಇನ್ನೂ ಕೈ ಕೊಡ್ತಿದೆ.